ಮಸಿ ಬೇರೆ, ತಾಮ್ರ ಬೇರೆ: ಕರಾವಳಿಯಲ್ಲಿ ರೈಫಲ್ ನಳಿಗೆ ಶುಚಿ ಮಾಡುವ ಕ್ರಮ

ರೈಫಲ್ ನಳಿಗೆಯೊಳಗೆ ಕೂರುವ ಕೊಳೆ ಎರಡು ಬಗೆಯದು. ಒಂದು ಮದ್ದು ಉರಿದು ಉಳಿಯುವ ಮಸಿ, ಇನ್ನೊಂದು ಗುಂಡಿನ ಹೊರಕವಚದಿಂದ ಉಜ್ಜಿ ಬಂದ ತಾಮ್ರ. ಮಸಿ ಬಿಡಿಸುವ ದ್ರಾವಣಕ್ಕೆ ತಾಮ್ರ ಜಗ್ಗುವುದಿಲ್ಲ, ತಾಮ್ರ ಕರಗಿಸುವ ದ್ರಾವಣಕ್ಕೆ ಗಟ್ಟಿ ಮಸಿ ಜಗ್ಗುವುದಿಲ್ಲ. ಇವೆರಡೂ ಪದರ ಪದರವಾಗಿ ಕೂರುತ್ತವೆ. ಮೊದಲ ಈಡಿನ ಮಸಿಯ ಮೇಲೆ ಎರಡನೇ ಗುಂಡು ತಾಮ್ರ ಸವರಿ ಹೋಗುತ್ತದೆ, ಅದರ ಮೇಲೆ ಮತ್ತೆ ಮಸಿ. ಆದ್ದರಿಂದ ಒಂದೇ ಬಾಟಲಿ ಹಿಡಿದು ಎಷ್ಟು ಉಜ್ಜಿದರೂ ಅರ್ಧ ಕೆಲಸವೇ ಆಗುವುದು. ನಾನು ಮಾಡುವುದು ಮಸಿ, ತಾಮ್ರ, ಮತ್ತೆ ಮಸಿ, ಮತ್ತೆ ತಾಮ್ರ ಎಂಬ ಸರದಿ. ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ಹೊರಬರುವ ಬಟ್ಟೆಯ ಬಣ್ಣ ನೋಡಿ ತೀರ್ಮಾನಿಸುತ್ತೇನೆ, ಬ್ರಷ್ ಎಷ್ಟು ಸಲ ಎಳೆದೆ ಎನ್ನುವುದನ್ನು ಲೆಕ್ಕ ಹಾಕಿ ಅಲ್ಲ.

ನಮ್ಮ ಕಡೆ ಪರವಾನಗಿಯ ಕೋವಿಗಳಲ್ಲಿ ಹೆಚ್ಚಿನವು ಬೆಳೆ ರಕ್ಷಣೆಗೆ ಇಟ್ಟುಕೊಂಡ, ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಮತ್ತು 12 ಬೋರಿನ ತೋಟೆಕೋವಿ (ಕಾರ್ಟ್ರಿಡ್ಜ್ ಹಾಕುವ ಶಾಟ್‌ಗನ್). ಅವುಗಳಲ್ಲಿ ತಾಮ್ರದ ಪ್ರಶ್ನೆ ಇಲ್ಲ. ಕೇಪಿನ ಕೋವಿಯ ಕರಿಮದ್ದಿನ ಕೊಳೆಗೆ ಸೋಪು ಹಾಕಿದ ಬಿಸಿನೀರೇ ಮದ್ದು. ತೋಟೆಕೋವಿಯಲ್ಲಿ ಸೀಸ ಮತ್ತು ಪ್ಲಾಸ್ಟಿಕ್ ವಾಡಿನ (ಮದ್ದು ಮತ್ತು ಚರೆಯ ನಡುವಿನ ಬಿರಡೆ) ಗೆರೆ ಕೂರುತ್ತದೆ. ಇಲ್ಲಿ ಬರೆಯುತ್ತಿರುವುದು ತಾಮ್ರದ ಕವಚದ ಗುಂಡು ಹಾರಿಸುವ .315, .30-06 ಅಳತೆಯ ರೈಫಲ್‌ಗಳ ಬಗ್ಗೆ. .22 ಬಗ್ಗೆ ಮುಂದೆ ಹೇಳುತ್ತೇನೆ.

ಒಣ ಊರಿನಲ್ಲಿ ಸ್ವಲ್ಪ ತಾಮ್ರ ಉಳಿದರೆ ದೊಡ್ಡ ನಷ್ಟವಿಲ್ಲ. ಗುರಿ ಕೆಟ್ಟಾಗ ತೆಗೆದರೂ ಆದೀತು. ಮಂಗಳೂರು, ಉಡುಪಿಯಲ್ಲಿ ಹಾಗೆ ಬಿಡಲಾಗದು. ಉಪ್ಪುಗಾಳಿಯ ತೇವ ತಾಮ್ರ ಮತ್ತು ಉಕ್ಕಿನ ನಡುವೆ ಸೇರಿದರೆ ಸವೆಯುವುದು ಉಕ್ಕು, ತಾಮ್ರವಲ್ಲ. ತಾಮ್ರದ ಅಡಿಯಲ್ಲಿ ತುಕ್ಕು ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ. ಹೊರಗಿನಿಂದ ನೋಡಿದರೆ ನಳಿಗೆ ಫಳಫಳ ಹೊಳೆಯುತ್ತಿರುತ್ತದೆ, ತಾಮ್ರ ತೆಗೆದಾಗಲೇ ಗುಂಡಿಗಳು ಕಾಣುವುದು. ಆ ಗುಂಡಿಯ ಒರಟು ಅಂಚು ಮುಂದಿನ ಗುಂಡುಗಳಿಂದ ಇನ್ನಷ್ಟು ತಾಮ್ರ ಕೆರೆಯುತ್ತದೆ. ಹಾಗಾಗಿ ಮಳೆಗಾಲಕ್ಕೆ ಮುಂಚೆ ತಾಮ್ರ ಪೂರ್ತಿ ತೆಗೆದೇ ಇಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕೈ ಹಾಕುವ ಮೊದಲು ಮ್ಯಾಗಜೀನ್ ಖಾಲಿ ಮಾಡಿ, ಹಿಂಬದಿ ಮುಚ್ಚುವ ಬೋಲ್ಟ್ ಹೊರಗೆ ತೆಗೆದು, ತೋಟೆ ಕೂರುವ ಚೇಂಬರ್ ಅನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಬೇಕು. ತೋಟೆಗಳು ಬೇರೆ ಕೋಣೆಯಲ್ಲಿರಲಿ. ಕೋವಿಯನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ಕೂರಿಸಿ, ನಳಿಗೆಯ ಬಾಯಿ ಸ್ವಲ್ಪ ತಗ್ಗಿರುವಂತೆ ಇಟ್ಟರೆ ದ್ರಾವಣ ಟ್ರಿಗರ್ ಕಡೆಗೆ ಹರಿಯುವುದಿಲ್ಲ. ಮರದ ಹಿಡಿಗೆ ಎಣ್ಣೆ ಇಳಿದರೆ ಕಾಲಕ್ರಮೇಣ ಮರ ಮೆತ್ತಗಾಗುತ್ತದೆ, ಅಸಿಟೋನ್ ತಾಗಿದರೆ ವಾರ್ನಿಶ್ ಏಳುತ್ತದೆ. ಅದಕ್ಕೆ ಬಟ್ಟೆ ಸುತ್ತಿಡಿ.

ಸಲಕರಣೆಯಲ್ಲಿ ದುಡ್ಡು ಹಾಕಬೇಕಾದದ್ದು ರಾಡಿಗೆ. ಪ್ಲಾಸ್ಟಿಕ್ ಲೇಪದ, ಒಂದೇ ತುಂಡಿನ, ಹಿಡಿಯಲ್ಲಿ ಬೇರಿಂಗ್ ಇರುವ ರಾಡ್ ಬೇಕು. ಬೇರಿಂಗ್ ಇದ್ದರೆ ಬ್ರಷ್ ರೈಫ್ಲಿಂಗ್‌ನ (ನಳಿಗೆಯೊಳಗಿನ ಸುರುಳಿ ಗೆರೆಗಳ) ತಿರುವಿನ ಜೊತೆ ತಾನೂ ತಿರುಗುತ್ತದೆ. ಮೂರು ತುಂಡು ಜೋಡಿಸುವ ಅಲ್ಯುಮಿನಿಯಂ ರಾಡ್ ಬಾಗುತ್ತದೆ, ಮೆದು ಲೋಹಕ್ಕೆ ಮರಳ ಕಣ ಕಚ್ಚಿಕೊಂಡು ನಳಿಗೆಯನ್ನು ಗೀರುತ್ತದೆ. ರಾಡ್ ಯಾವಾಗಲೂ ಹಿಂದಿನಿಂದ, ಅಂದರೆ ಚೇಂಬರ್ ಕಡೆಯಿಂದ ಹೋಗಬೇಕು. ಗುಂಡು ಕೊನೆಗೆ ಬಿಟ್ಟು ಹೊರಡುವ ಬಾಯಂಚು ಸವೆದರೆ ಗುರಿ ಹೋದಂತೆಯೇ. ಹಗ್ಗದ ಪುಲ್‌ಥ್ರೂವನ್ನು ಓರೆಯಾಗಿ ಎಳೆದರೂ ಅದೇ ಅಂಚು ಸವೆಯುತ್ತದೆ. ರಾಡ್ ನಡುಮಧ್ಯೆ ಹೋಗಲು ಬೋರ್ ಗೈಡ್, ಅಂದರೆ ಬೋಲ್ಟಿನ ಜಾಗದಲ್ಲಿ ಕೂರುವ ಕೊಳವೆ ಬೇಕು. ನಮ್ಮ .315ಕ್ಕೆ ಸರಿಯಾದ ಗೈಡ್ ಸಿಗದಿದ್ದರೆ ಮಂಗಳೂರಿನ ಬೈಕಂಪಾಡಿಯಲ್ಲೋ ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲೋ ಲೇತ್ ಕೆಲಸದವರಿಂದ ನೈಲಾನ್ ಕೋಲಿನಲ್ಲಿ ಮಾಡಿಸಿಕೊಳ್ಳಬಹುದು: ಹೊರ ಅಳತೆ ಬೋಲ್ಟಿನದು, ಒಳ ತೂತು ರಾಡಿಗಿಂತ ಕೂದಲೆಳೆ ದೊಡ್ಡದು.

ಬಟ್ಟೆಗೆ ಹಳೆಯ ಬಿಳಿ ಹತ್ತಿ ಪಂಚೆ ಸಾಕು. ಬಿಳಿಯೇ ಆಗಬೇಕು, ಬಣ್ಣ ಓದಲಿಕ್ಕಿದೆ. ಗಂಜಿ ಹಾಕಿದ್ದಾದರೆ ತೊಳೆದು ಒಣಗಿಸಿಕೊಳ್ಳಿ. .315, .30-06ಕ್ಕೆ ಸುಮಾರು 2 ಇಂಚಿನ ಚೌಕ, .22ಕ್ಕೆ 1 ಇಂಚಿನದು. ಬಟ್ಟೆಯ ದಪ್ಪ ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಬೇಕು. ಅಂಗೈಯ ಒತ್ತಡಕ್ಕೆ ಬಿಗಿಯಾಗಿ ಜಾರಿದರೆ ಅಳತೆ ಸರಿ. ಮೈಭಾರ ಹಾಕಬೇಕಾಯಿತು ಅಂದರೆ ಬಟ್ಟೆ ದೊಡ್ಡದಾಯಿತು, ಅದು ನಡುವೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದರೆ ಎಣ್ಣೆ ಬಿಟ್ಟು ನೆನೆಸಿ, ಎದುರು ಕಡೆಯಿಂದ ಮೆಲ್ಲಗೆ ತಳ್ಳಿ. ಸಿಕ್ಕಿದ ಬಟ್ಟೆಯನ್ನು ಈಡು ಹೊಡೆದು ಹಾರಿಸುತ್ತೇನೆ ಎಂದು ಯಾರೂ ಹೊರಡಬಾರದು, ನಳಿಗೆ ಒಡೆಯುತ್ತದೆ.

ಮಸಿಗೆ ಹೊಪ್ಪೀಸ್ ನಂಬರ್ 9 ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸಿಗದಿದ್ದರೆ ಎಡ್ಸ್ ರೆಡ್ ಎಂದು ಕರೆಯುವ ಮಿಶ್ರಣ ಮನೆಯಲ್ಲೇ ಆಗುತ್ತದೆ: ಡೆಕ್ಸ್ರಾನ್ ಜಾತಿಯ ಗೇರ್ ಆಯಿಲ್ (ಆಟೊಮ್ಯಾಟಿಕ್ ಕಾರಿನದು), ಸೀಮೆಎಣ್ಣೆ, ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್, ಅಸಿಟೋನ್, ನಾಲ್ಕೂ ಸಮಪಾಲು. ತಲಾ 100 ಮಿಲಿ ಹಾಕಿದರೆ ಬಹಳ ಕಾಲ ಬರುತ್ತದೆ. ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿಡಿ, ಇಲ್ಲವಾದರೆ ಅಸಿಟೋನ್ ಹಾರಿಹೋಗುತ್ತದೆ. ಬೆಂಕಿ, ಒಲೆ, ದೇವರ ದೀಪ ಯಾವುದೂ ಹತ್ತಿರ ಬೇಡ. ಕೈಗೆ ನೈಟ್ರೈಲ್ ಗ್ಲೌಸ್, ಕಿಟಕಿ ತೆರೆದಿರಲಿ. ಈ ಮಿಶ್ರಣ ತಾಮ್ರವನ್ನು ಏನೂ ಮಾಡುವುದಿಲ್ಲ. ತಾಮ್ರಕ್ಕೆ ಎರಡು ಜಾತಿಯ ದ್ರಾವಣ ಇವೆ. ಸ್ವೀಟ್ಸ್ 7.62ರಂಥದ್ದು ಅಮೋನಿಯಾದ್ದು, ವೇಗ ಹೆಚ್ಚು, ಮೂಗು ಹಿಂಡುವ ವಾಸನೆ. ಬೋರ್ ಟೆಕ್ ಎಲಿಮಿನೇಟರ್‌ನಂಥದ್ದು ಅಮೋನಿಯಾ ಇಲ್ಲದ್ದು, ವಾಸನೆ ಇಲ್ಲ, ಮನೆಯೊಳಗೆ ಮಾಡುವವರಿಗೆ ಇದೇ ಒಳ್ಳೆಯದು. ಅಮೋನಿಯಾದ್ದನ್ನು ಬ್ಲೀಚಿಂಗ್ ದ್ರಾವಣದ ಹತ್ತಿರವೂ ತರಬೇಡಿ, ವಿಷದ ಗಾಳಿ ಏಳುತ್ತದೆ.

ಈಗ ಕೆಲಸ. ಮಸಿ ದ್ರಾವಣದಲ್ಲಿ ನೆನೆದ ಪ್ಯಾಚ್ (ಕತ್ತರಿಸಿದ ಬಟ್ಟೆ ತುಂಡು) ಎರಡೋ ಮೂರೋ ಹಿಂದಿನಿಂದ ಮುಂದಕ್ಕೆ ತಳ್ಳಿ. ಬಾಯಿಯಲ್ಲಿ ಹೊರಬಂದ ಪ್ಯಾಚನ್ನು ಅಲ್ಲೇ ತೆಗೆದು ಖಾಲಿ ರಾಡ್ ಹಿಂದಕ್ಕೆ ಎಳೆಯಬೇಕು, ಇಲ್ಲದಿದ್ದರೆ ತೆಗೆದ ಮಸಿಯನ್ನೇ ಮತ್ತೆ ಒಳಗೆ ಹರಡಿದಂತೆ. ಹತ್ತು ನಿಮಿಷ ನೆನೆಯಲಿ. ಆಮೇಲೆ ಕಂಚಿನ ಬ್ರಷ್ಷಿಗೆ ದ್ರಾವಣ ತೊಟ್ಟಿಕ್ಕಿಸಿ ಹತ್ತು ಸಲ ಪೂರ್ತಿ ಆಚೆ, ಪೂರ್ತಿ ಈಚೆ. ನಡುವೆ ದಿಕ್ಕು ಬದಲಿಸಿದರೆ ಎಳೆಗಳು ಮಡಚಿ ಬ್ರಷ್ ಸಿಕ್ಕಿಬೀಳುತ್ತದೆ. ಬ್ರಷ್ಷನ್ನು ಬಾಟಲಿಗೆ ಅದ್ದಬೇಡಿ, ದ್ರಾವಣವೇ ಕೊಳೆಯಾಗುತ್ತದೆ. ಮತ್ತೆ ಪ್ಯಾಚ್. ಮೊದಲದು ಕಾಡಿಗೆಯಂತೆ ಬರುತ್ತದೆ, ಕೆಲವು ತುಂಡಿನ ಬಳಿಕ ಬೂದು ಬಣ್ಣಕ್ಕೆ ತಿರುಗುತ್ತದೆ. ಬೂದು ಬಂದರೆ ಸದ್ಯಕ್ಕೆ ಸಾಕು, ಪೂರ್ತಿ ಬಿಳಿ ಬರಲಿ ಎಂದು ಇಲ್ಲಿ ಕಾಯಬೇಡಿ.

ಇನ್ನು ತಾಮ್ರ. ಮೊದಲು ಒಣ ಪ್ಯಾಚ್ ಎರಡು, ಅಸಿಟೋನಿನಲ್ಲಿ ನೆನೆದದ್ದು ಒಂದು. ಎಣ್ಣೆಯ ಪೊರೆ ಉಳಿದರೆ ತಾಮ್ರದ ದ್ರಾವಣ ಲೋಹವನ್ನು ಮುಟ್ಟುವುದಿಲ್ಲ, ‘ನನ್ನ ಕೋವಿಯಲ್ಲಿ ತಾಮ್ರವೇ ಇಲ್ಲ’ ಎಂಬ ತಪ್ಪು ಸಮಾಧಾನ ಸಿಗುತ್ತದೆ. ಈ ಹಂತದಲ್ಲಿ ಕಂಚಿನ ಬ್ರಷ್ಷನ್ನೂ ಹಿತ್ತಾಳೆಯ ಜಾಗ್ (ರಾಡಿನ ತುದಿಯಲ್ಲಿ ಪ್ಯಾಚ್ ಹಿಡಿಯುವ ಮೊನೆ) ಅನ್ನೂ ಬದಿಗಿಟ್ಟು ನೈಲಾನಿನವನ್ನೇ ಬಳಸಬೇಕು. ಕಂಚು, ಹಿತ್ತಾಳೆ ಎರಡರಲ್ಲೂ ತಾಮ್ರವೇ ಇರುವುದು. ದ್ರಾವಣ ಅವನ್ನೇ ಕರಗಿಸಿ ಪ್ಯಾಚ್ ನೀಲಿ ಮಾಡುತ್ತದೆ. ಇದು ಗೊತ್ತಿಲ್ಲದವರು ಶುಚಿಯಾದ ನಳಿಗೆಯನ್ನೇ ಮಧ್ಯಾಹ್ನವಿಡೀ ಉಜ್ಜುತ್ತಾ ಕೂರುತ್ತಾರೆ. ಅನುಮಾನ ಬಂದರೆ ಜಾಗಿಗೆ ಹೊರಗೇ ಒಂದು ಹನಿ ಹಾಕಿ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ.

ನೆನೆದ ಪ್ಯಾಚ್ ಒಂದು ಕಳಿಸಿ ಐದರಿಂದ ಹತ್ತು ನಿಮಿಷ ಬಿಟ್ಟು ಒಣ ಪ್ಯಾಚ್ ಕಳಿಸಿ. ಅಮೋನಿಯಾದ್ದಾದರೆ 15 ನಿಮಿಷ ದಾಟಿಸಬೇಡಿ. ಒಳಗೇ ಒಣಗಲು ಬಿಟ್ಟರೆ ಉಕ್ಕಿನ ಮೇಲೆ ಕಚ್ಚಿದ ಗುರುತು ಉಳಿಯಬಹುದು. ಬಣ್ಣ ಗಾಢ ನೀಲಿಯಿಂದ ಆಕಾಶನೀಲಿಗೆ ಇಳಿಯುತ್ತಾ ಬರಬೇಕು. ಎರಡು ಮೂರು ಸರದಿ ಆದ ಮೇಲೆ ನೀಲಿಯ ಜೊತೆ ಕಪ್ಪು ಗೆರೆ ಬಂದರೆ ಗಾಬರಿ ಬೇಡ: ಮೇಲಿನ ತಾಮ್ರ ಹೋಗಿ ಅಡಿಯ ಮಸಿ ಎದ್ದಿದೆ. ಆಗ ದ್ರಾವಣವನ್ನು ಅಸಿಟೋನಿನಿಂದ ಒರೆಸಿ ತೆಗೆದು ಮತ್ತೆ ಮಸಿಗೆ ಹಿಂತಿರುಗಬೇಕು, ಒಂದರ ಮೇಲೆ ಇನ್ನೊಂದು ದ್ರಾವಣ ಸುರಿಯಬಾರದು. ಬಹಳ ಕಾಲ ತೆಗೆಯದ ನಳಿಗೆಯಾದರೆ ಇಂಥ ಮೂರು ನಾಲ್ಕು ಸುತ್ತು ಬೇಕಾದೀತು. ನೀಲಿಯೂ ಇಲ್ಲ, ಕಪ್ಪೂ ಇಲ್ಲ ಎಂದಾದಾಗ ನಿಲ್ಲಿಸಿ, ಬಾಯಿಯ ಹತ್ತಿರ ಟಾರ್ಚ್ ಹಿಡಿದು ನೋಡಿ. ತಾಮ್ರ ಉಳಿದಿದ್ದರೆ ರೈಫ್ಲಿಂಗ್‌ನ ಏಣಿನ ಮೇಲೆ ಕೆಂಪು ಹೊಳಪಿನ ಗೆರೆಯಾಗಿ ಕಾಣುತ್ತದೆ. ಮೊಬೈಲಿಗೆ ಜೋಡಿಸುವ ಬೋರ್‌ಸ್ಕೋಪ್ ಈಗ ದುಬಾರಿಯಲ್ಲ. ಆದರೆ ಅದರಲ್ಲಿ ಪ್ರತಿ ಗೀರೂ ಕಾಲುವೆಯಷ್ಟು ಕಾಣುತ್ತದೆ. ಗುರಿ ಸರಿಯಿರುವ ಕೋವಿಯಲ್ಲಿ ಅದನ್ನು ಬೆನ್ನಟ್ಟುವುದು ಬೇಡ.

ಚೇಂಬರ್ ಮುಗಿದು ರೈಫ್ಲಿಂಗ್ ಶುರುವಾಗುವ ಕಡೆ ಶಾಖ ಅತಿ ಹೆಚ್ಚು, ಅಲ್ಲಿ ಮಸಿ ಸುಟ್ಟ ಬಳೆಯಂತೆ ಗಟ್ಟಿಯಾಗುತ್ತದೆ. .22ರಲ್ಲಿ ಸೀಸದ ಗುಂಡಿನ ಮೇಣವೂ ಸೇರಿ ಈ ಬಳೆಯೇ ಮುಖ್ಯ ತೊಂದರೆ. ತೋಟೆ ಬಿಗಿಯಾಗಿ ಕೂರುತ್ತದೆ, ಒಂದೊಂದು ಗುಂಡು ಗುಂಪು ಬಿಟ್ಟು ಹೋಗುತ್ತದೆ. ತೇದ ಬ್ರಷ್ಷಿಗೆ ಪ್ಯಾಚ್ ಸುತ್ತಿ, ಮಸಿ ದ್ರಾವಣ ಹಾಕಿ, ಆ ಜಾಗದಲ್ಲೇ ಅರ್ಧ ಗಂಟೆ ನೆನೆಸಿ ಕೈಯಿಂದ ತಿರುಗಿಸಿದರೆ ಬಿಡುತ್ತದೆ. ಅದಕ್ಕೂ ಬಗ್ಗದಿದ್ದರೆ ಮಾತ್ರ ಉಜ್ಜಿ ತೆಗೆಯುವ ಜೆಬಿ ಪೇಸ್ಟ್, ಅದೂ ಆ ಒಂದೆರಡು ಇಂಚಿಗೆ, ಹತ್ತು ಹದಿನೈದು ಸಲ. ಡ್ರಿಲ್ ಮೆಷಿನಿಗೆ ಬ್ರಷ್ ಕಟ್ಟುವ ಉಪಾಯ ಹೇಳುವವರ ಮಾತು ಕೇಳಬೇಡಿ.

ಊರಿನಲ್ಲಿ ಕೇಳಿಬರುವ ಮನೆಮದ್ದುಗಳಲ್ಲಿ ಹುಣಸೆಹುಳಿಯದ್ದು ಹೆಚ್ಚು ಅಪಾಯದ್ದು. ಹಂಡೆ ಬೆಳಗುವ ಹುಳಿ ತಾಮ್ರದ ಕಿಲುಬನ್ನು ತೆಗೆಯುತ್ತದೆ, ಲೋಹವನ್ನು ತೆಗೆಯುವುದಿಲ್ಲ. ಉಕ್ಕನ್ನೂ ಅದರ ಬ್ಲೂಯಿಂಗನ್ನೂ (ಉಕ್ಕಿನ ಮೇಲಿನ ಕಪ್ಪು-ನೀಲಿ ರಕ್ಷಣಾ ಪದರ) ಮಾತ್ರ ತಿನ್ನುತ್ತದೆ. ತೆಂಗಿನೆಣ್ಣೆ ಕಾಲ ಕಳೆದಂತೆ ಕನರಿ ಅಂಟಾಗುತ್ತದೆ, ಬೋಲ್ಟಿನ ಸ್ಪ್ರಿಂಗ್ ನಿಧಾನವಾಗುತ್ತದೆ. ಡಬ್ಲ್ಯುಡಿ-40 ನೀರು ಓಡಿಸಲು ಸರಿ, ಒಂದು ಮಳೆಗಾಲ ಕಾಯುವಷ್ಟು ಅದರ ಪೊರೆ ದಪ್ಪವಿಲ್ಲ.

ಹಳೆಯ ತೋಟೆ ಹಾರಿಸಿದ್ದರೆ, ಅದರ ಪ್ರೈಮರಿನಲ್ಲಿ (ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಕ್ಲೋರೇಟ್ ಇದ್ದಿರಬಹುದು ಎಂಬ ಸಂಶಯವಿದ್ದರೆ, ಎಲ್ಲಕ್ಕಿಂತ ಮೊದಲು ಅದೇ ದಿನ ಕುದಿಯುವ ನೀರು ಹೊಯ್ಯಬೇಕು. ಅಲ್ಲಿ ಉಳಿಯುವುದು ಉಪ್ಪು. ಉಪ್ಪು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ನಳಿಗೆ ಬಿಸಿಯಾಗುವುದರಿಂದ ತಾನಾಗಿ ಒಣಗುತ್ತದೆ, ಆಮೇಲೆ ಮೇಲಿನ ಕ್ರಮ.

ಕೊನೆಗೆ ಅಸಿಟೋನ್ ಪ್ಯಾಚ್, ಒಣ ಪ್ಯಾಚ್ ಎರಡು, ಗನ್ ಆಯಿಲ್ ಹಾಕಿದ್ದು ಒಂದು. ಚೇಂಬರ್ ಮತ್ತು ಬೋಲ್ಟಿನ ಹಲ್ಲು ಕೂರುವ ತೋಡನ್ನು ಬೇರೆಯಾಗಿ ಒರೆಸಿ, ದ್ರಾವಣ ನಿಲ್ಲುವುದು ಅಲ್ಲೇ. ಮಾರನೇ ದಿನ ಒಂದು, ಮೂರು ದಿನ ಬಿಟ್ಟು ಇನ್ನೊಂದು ಬಿಳಿ ಪ್ಯಾಚ್ ಕಳಿಸಿ. ಕಂದು ಬಂದರೆ ತುಕ್ಕು ಶುರುವಾಗಿದೆ, ಹಸಿರು ನೀಲಿ ಬಂದರೆ ತಾಮ್ರ ಇನ್ನೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ವಾರಕ್ಕೊಮ್ಮೆ ಈ ಪರೀಕ್ಷೆ ತಪ್ಪಿಸಬಾರದು. ಚರ್ಮದ ಚೀಲ, ಸ್ಪಂಜಿನ ಪೆಟ್ಟಿಗೆ ಎರಡೂ ತೇವ ಹಿಡಿದಿಡುತ್ತವೆ; ಬೀಗದ ಕಬ್ಬಿಣದ ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟು, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಎಸಿ ಕಾರಿನಿಂದ ಇಳಿಸಿದ ತಣ್ಣನೆಯ ನಳಿಗೆಗೆ ಹೊರಗಿನ ಗಾಳಿ ತಾಗಿದೊಡನೆ ಬೆವರುತ್ತದೆ, ಒರೆಸದೆ ಕಪಾಟಿಗೆ ಹಾಕಬೇಡಿ.

ಚುನಾವಣೆಗೆ ಕೋವಿ ಠೇವಣಿ ಇಡುವಾಗ ಇದೆಲ್ಲ ಇನ್ನೂ ಮುಖ್ಯ. 2024ರ ಲೋಕಸಭಾ ಚುನಾವಣೆಯಲ್ಲಿ, ಬೈಂದೂರು ಬಿಟ್ಟು, ನಮ್ಮ ಎರಡೂ ಜಿಲ್ಲೆಗೆ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಅಷ್ಟರಲ್ಲಿ ಮಳೆ ಬಾಗಿಲಿಗೆ ಬಂದಿತ್ತು. ಒಪ್ಪಿಸುವ ಮೊದಲು ತಾಮ್ರ ಪೂರ್ತಿ ತೆಗೆದು, ಎಣ್ಣೆ ಮಾಮೂಲಿಗಿಂತ ದಪ್ಪಗೆ ಸವರಿ. ಬಾಯಿಗೆ ಬಟ್ಟೆ ತುರುಕಬೇಡಿ. ಒಳಗಿನ ತೇವ ಹೊರಹೋಗುವುದಿಲ್ಲ, ತೆಗೆಯಲು ಮರೆತರೆ ಪ್ರಾಣಕ್ಕೇ ಅಪಾಯ. ‘ನಳಿಗೆಯಲ್ಲಿ ಎಣ್ಣೆ ಇದೆ’ ಎಂಬ ಚೀಟಿಯನ್ನು ಟ್ರಿಗರ್ ಗಾರ್ಡಿಗೆ ಕಟ್ಟಿ. ವಾಪಸ್ ಬಂದ ಮೇಲೆ, ಈಡು ಹೊಡೆಯುವ ಮುಂಚೆ, ನಳಿಗೆ ಮತ್ತು ಚೇಂಬರ್ ಎರಡನ್ನೂ ಒಣ ಬಟ್ಟೆಯಿಂದ ಒರೆಸಿ ಬೆಳಕು ಹಾಯಿಸಿ ನೋಡಬೇಕು. ಚೇಂಬರಿನಲ್ಲಿ ಎಣ್ಣೆ ಇದ್ದರೆ ತೋಟೆಯ ಹಿತ್ತಾಳೆ ಗೋಡೆಗೆ ಕಚ್ಚದೆ ಬೋಲ್ಟಿನ ಮೇಲೆ ಹೊಡೆತ ಹೆಚ್ಚುತ್ತದೆ. ಪೂರ್ತಿ ಶುಚಿ ಮಾಡಿದ ನಳಿಗೆಯ ಮೊದಲ ಒಂದೆರಡು ಗುಂಡು ಮಾಮೂಲಿ ಜಾಗಕ್ಕೆ ಬೀಳದಿರಬಹುದು. ರೇಂಜಿನಲ್ಲಿ ಅವನ್ನು ಲೆಕ್ಕಕ್ಕೆ ಹಿಡಿಯದೆ, ಮೂರನೆಯದರಿಂದ ಸೈಟ್ ನೋಡಿ.