ಅಮ್ಮನ ಜೊತೆ ಜಾಲಿ ಬಾಯ್ ದ್ವೀಪಕ್ಕೆ

ನಾವು ಮೊದಲು ಹೊರಟಿದ್ದು ಸೋಮವಾರ. ಆ ದಿನ ಈ ದ್ವೀಪವಿರುವ ಸಾಗರ ಉದ್ಯಾನಕ್ಕೆ ರಜೆ. ಪ್ರವಾಸದ ಏರ್ಪಾಟು ಮಾಡಿಕೊಟ್ಟವರು ಅದನ್ನು ಹೇಳಿರಲಿಲ್ಲ. ಪರ್ಮಿಟ್ ಬೋಟು ಹತ್ತುವ ಜೆಟ್ಟಿಯಲ್ಲೇ ಸಿಗುತ್ತೆ ಅಂತ ಬೇರೆ ಹೇಳಿದ್ದರು. ಅರವತ್ತೆಂಟು ವರ್ಷದ ಅಮ್ಮನನ್ನು ಮೂಡಿಗೆರೆಯಿಂದ ಅಂಡಮಾನಿನವರೆಗೆ ಕರೆದುಕೊಂಡು ಹೋಗಿ ಒಂದು ದಿನ ಸುಮ್ನೆ ಕಳೆದುಕೊಂಡೆವು. ಅದಕ್ಕೇ ಮೊದಲು ಇದನ್ನು ಹೇಳುತ್ತಿದ್ದೇನೆ: ಅರಣ್ಯ ಇಲಾಖೆಯ ಪರ್ಮಿಟ್ಟನ್ನು ಮುಂಚೆಯೇ ಮಾಡಿಸಿಕೊಳ್ಳಿ, ಆಧಾರ್ ಜೊತೆಗಿರಲಿ, ಸೋಮವಾರ ಬಿಟ್ಟುಬಿಡಿ.

ನಾವು ಹೋಗಿದ್ದು ಕಾಫಿ ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವ, ಬೇಸಿಗೆ ಶುರುವಿನ ದಿನಗಳಲ್ಲಿ. ತೋಟದವರಿಗೆ ಅದೊಂದೇ ಬಿಡುವು. ಜಾಲಿ ಬಾಯ್ ದ್ವೀಪ ನೋಡಲೂ ಅದು ಒಳ್ಳೇ ಕಾಲ. ಈ ಉದ್ಯಾನದಲ್ಲಿ ಪ್ರವಾಸಿಗರು ಹೋಗಬಹುದಾದ ದ್ವೀಪ ಎರಡೇ, ಜಾಲಿ ಬಾಯ್ ಮತ್ತು ರೆಡ್ ಸ್ಕಿನ್. ಎರಡನ್ನೂ ಒಟ್ಟಿಗೆ ತೆರೆಯುವುದಿಲ್ಲ. ಚಳಿಗಾಲ, ಬೇಸಿಗೆಯಲ್ಲಿ ಜಾಲಿ ಬಾಯ್, ಮಳೆಗಾಲದ ಕಡೆಗೆ ರೆಡ್ ಸ್ಕಿನ್. ಗದ್ದೆಯನ್ನು ಬೀಳು ಬಿಟ್ಟ ಹಾಗೆ, ಒಂದು ದ್ವೀಪಕ್ಕೆ ಜನರಿಂದ ವಿಶ್ರಾಂತಿ.

ಉದ್ಯಾನದ ಪೂರ್ತಿ ಹೆಸರು ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ. 1983ರಲ್ಲಿ ಆಗಿದ್ದು, 281 ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಪೋರ್ಟ್ ಬ್ಲೇರ್‌ನಿಂದ (2024ರಿಂದ ಅದು ಶ್ರೀ ವಿಜಯ ಪುರಂ) ಬೋಟು ಹೊರಡುವ ವಂಡೂರಿಗೆ ಸುಮಾರು 30 ಕಿಲೋಮೀಟರ್. ಬೆಳಿಗ್ಗೆ ಬೇಗ ಹೊರಡಬೇಕು.

ಹಿಂದಿನ ರಾತ್ರಿ ಚೀಲ ಕಟ್ಟುವುದೇ ದೊಡ್ಡ ಕೆಲಸವಾಯಿತು. ದ್ವೀಪಕ್ಕೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಬಿಸ್ಕತ್ತಿನ ಪೊಟ್ಟಣ, ಚಿಪ್ಸ್, ಬಿಸಾಡುವ ಬಾಟಲಿ ಎಲ್ಲಾ ರೂಮಿನಲ್ಲೇ ಉಳಿಯಿತು. ಮನೆಯಿಂದ ತಂದಿದ್ದ ಕೋಡುಬಳೆಯನ್ನು ಸ್ಟೀಲ್ ಡಬ್ಬಿಗೆ ಹಾಕಿದೆ. ಅಮ್ಮನ ಬಿಪಿ ಮಾತ್ರೆಗಳನ್ನೂ ಕವರ್ ಬಿಡಿಸಿ ಸಣ್ಣ ಡಬ್ಬಿಗೆ ಸೇರಿಸಿದೆ. ದ್ವೀಪದಲ್ಲಿ ಅಂಗಡಿ ಇಲ್ಲ, ಹಾಗಾಗಿ ನೀರು, ಊಟ ಎರಡೂ ನಮ್ಮದೇ. ಜೆಟ್ಟಿಯಲ್ಲಿ ಚೀಲ ಬಿಚ್ಚಿಸಿ ನೋಡಿದರು. ನನಗೆ ಖುಷಿಯೇ ಆಯಿತು. ನಮ್ಮ ಮುಳ್ಳಯ್ಯನಗಿರಿ ದಾರಿಯಲ್ಲಿ ಬಿದ್ದಿರುವ ಬಾಟಲಿಗಳನ್ನು ನೋಡಿದವರಿಗೆ ಆ ಖುಷಿ ಅರ್ಥವಾಗುತ್ತೆ, ಅಲ್ವಾ?

ಬೋಟು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಸುಮಾರು ಒಂದು ಗಂಟೆ ಸಾಗುತ್ತೆ. ಮರದ ಬೇರುಗಳು ನೀರಿನಲ್ಲಿ ಕಾಲೂರಿ ನಿಂತಿರುತ್ತವೆ. ಈ ಕಡೆ ನೀರಿನಲ್ಲಿ ಮೊಸಳೆ ಇವೆ, ಆದ್ದರಿಂದ ವಂಡೂರಿನ ದಡದಲ್ಲಿ ಸಿಕ್ಕಲ್ಲಿ ನೀರಿಗಿಳಿಯಬೇಡಿ.

ಜಾಲಿ ಬಾಯ್‌ನಲ್ಲಿ ಜೆಟ್ಟಿ ಇಲ್ಲ. ದೊಡ್ಡ ಬೋಟಿನಿಂದ ಗಾಜಿನ ತಳದ ಸಣ್ಣ ದೋಣಿಗೆ ದಾಟಬೇಕು. ನನಗೆ ಅತಿ ಭಯವಿದ್ದಿದ್ದು ಅಲ್ಲೇ. ಎರಡೂ ಒಂದೇ ಸಮ ಅಲುಗಾಡುತ್ತಿರುತ್ತವೆ. ನಮ್ಮನೆಯವರು ಮೊದಲು ಇಳಿದು ಕೈ ಕೊಟ್ಟರು, ನಾನು ಹಿಂದಿನಿಂದ ತೋಳು ಹಿಡಿದೆ. ದೋಣಿಯವರು "ಈಗ" ಅನ್ನುವವರೆಗೆ ಅಮ್ಮ ಕಾಲೆತ್ತಲಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಹಾಕಿಸಿ, ಸೀರೆಯನ್ನು ಸ್ವಲ್ಪ ಮೇಲಕ್ಕೆ ಉಡಿಸಿ.

ಗಾಜಿನ ಕೆಳಗೆ ಹವಳ ಕಂಡಾಗ ಮೊದಲಿಗೆ ಬೇಸರವಾಯಿತು. ಫೋಟೋದಲ್ಲಿ ನೋಡಿದ ಬಣ್ಣ ಇರಲಿಲ್ಲ, ಹೆಚ್ಚಿನದು ಕಂದು. ಜೊತೆಗಿದ್ದ ದೋಣಿಯವರು ಹೇಳಿದರು, ಕಂದು ಅಂದರೆ ಬದುಕಿದೆ ಅಂತ. ಹವಳ ಕಲ್ಲಲ್ಲ, ಸಣ್ಣ ಸಣ್ಣ ಜೀವಿಗಳ ಊರು. ಅವುಗಳ ಮೈಯೊಳಗೆ ಪಾಚಿ ಇರುತ್ತೆ. ಆ ಕಂದು ಬಣ್ಣವೂ ಅದರದ್ದೇ, ಆಹಾರದ ಬಹುಪಾಲೂ ಅದರದ್ದೇ. ನೀರು ಜಾಸ್ತಿ ಬಿಸಿಯಾದರೆ ಪಾಚಿ ಹೊರಟುಹೋಗುತ್ತೆ, ಹವಳ ಬೆಳ್ಳಗಾಗುತ್ತೆ. 2010ರಲ್ಲಿ ಅಂಡಮಾನಿನಲ್ಲಿ ಹಾಗೇ ಆಗಿ ತುಂಬಾ ಹವಳ ಸತ್ತಿತ್ತು. ಆಮೇಲೆ ನಾನು ಕಂದು ಬಣ್ಣವನ್ನೇ ಹುಡುಕಿ ಹುಡುಕಿ ನೋಡಿದೆ.

ಅಮ್ಮನಿಗೆ ಇಷ್ಟವಾಗಿದ್ದು ಮೀನು. ಹಳದಿ ಪಟ್ಟೆಯವು, ನೀಲಿಯವು, ಹವಳವನ್ನು ಕಚ್ಚಿ ಕೆರೆಯುವ ಗಿಣಿಮೀನು. "ಶೃಂಗೇರಿ ತುಂಗೆಯ ಹಾಗೇ ಇದೆಯಲ್ಲೇ. ಇಲ್ಲೂ ಮಂಡಕ್ಕಿ ಹಾಕಬಹುದಾ?" ಅಂದರು. ಇಲ್ಲಿ ಏನೂ ಹಾಕಬಾರದು, ಮೀನುಗಳು ತಮ್ಮ ಊಟ ತಾವೇ ಹುಡುಕಿಕೊಳ್ಳಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಸರಿಯೇ" ಅಂದರು.

ದಡದಲ್ಲಿ ನಾನೇ ಒಂದು ಬಿಳಿ ಹವಳದ ತುಂಡು ಎತ್ತಿಕೊಂಡೆ. ಸತ್ತದ್ದು ತಾನೇ, ಏನಾಗುತ್ತೆ ಅನಿಸಿತ್ತು. ಸತ್ತ ಹವಳವನ್ನೂ ತರುವಂತಿಲ್ಲ. ಕಾಡುಪ್ರಾಣಿ ಕಾನೂನಿನಲ್ಲಿ ಹವಳಕ್ಕೆ ಹುಲಿಗೆ ಇರುವಷ್ಟೇ ರಕ್ಷಣೆ ಇದೆ. ಸಿಬ್ಬಂದಿ ನೋಡುವ ಮೊದಲೇ ಅಮ್ಮ ನೋಡಿದರು. "ದೇವರ ಕಾಡಿಂದ ಒಣಕಡ್ಡಿನೂ ತರಬಾರದು ಅಂತ ಗೊತ್ತಿಲ್ವೇನೆ? ಅಲ್ಲೇ ಇಡು." ಇಟ್ಟೆ.

ನಮ್ಮನೆಯವರು ಮುಖಕ್ಕೆ ಕನ್ನಡಕ ಕಟ್ಟಿಕೊಂಡು ನೀರಿಗಿಳಿದರು. ಸನ್‌ಸ್ಕ್ರೀನ್ ಹಚ್ಚಿಕೊಂಡಿರಲಿಲ್ಲ, ಕೆಲವು ಕ್ರೀಮುಗಳಲ್ಲಿರುವ ರಾಸಾಯನಿಕ ಹವಳಕ್ಕೆ ಒಳ್ಳೆಯದಲ್ಲ. ಬದಲಿಗೆ ತುಂಬುತೋಳಿನ ಅಂಗಿ ಹಾಕಿದ್ದರು. ಕಾಲು ಹವಳದ ಮೇಲೆ ಊರದ ಹಾಗೆ ತೇಲುತ್ತಾ ಇರಬೇಕು, ಅದೇ ಕಷ್ಟ.

ಅಷ್ಟರಲ್ಲಿ ಅಮ್ಮ ದೋಣಿಯ ಹತ್ತಿರ ಹೋಗಿ ನಿಂತಿದ್ದರು. ಇನ್ನೊಂದು ಸುತ್ತು ಹೋಗಲು ಬೇರೆ ದುಡ್ಡು. ಕೊಟ್ಟೆವು. ಈ ಸಲ ಕೈ ಹಿಡಿಯಲು ಹೋದರೆ ಬೇಡವೆಂದರು, ತಾವೇ ಹತ್ತಿ ಗಾಜಿನ ಮೇಲೆ ಬಗ್ಗಿ ಕೂತರು.