ಎಂಟು ಹುಡುಗರು, ಏಳು ಪಂದ್ಯಗಳು: ನಾನು ತಂಡ ಆರಿಸಿಕೊಂಡ ಬಗೆ

ಬೆಂಗಳೂರಿನ ಎ ಡಿವಿಷನ್ ಫುಟ್‌ಬಾಲ್ ಲೀಗ್‌ನಲ್ಲಿ ಆಡುವ ಒಂದು ಸಣ್ಣ ಕ್ಲಬ್ಬಿಗೆ ನಾನು ಒಂಬತ್ತು ವರ್ಷಗಳಿಂದ ಕೋಚ್ ಆಗಿದ್ದೇನೆ. ಸೀಸನ್‌ಗೆ ಮುನ್ನ ಟ್ರಯಲ್ಸ್‌ಗೆ ಬಂದವರಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂಬುದಕ್ಕೆ ನಾನು ಹಿಡಿದ ದಾರಿಯನ್ನು ನಮ್ಮ ಸಮಿತಿಯವರೇ ಮೊದಲು ‘ಗಲ್ಲಿ ಆಟ’ ಎಂದು ಕರೆದರು. ಬೇರೆ ಕ್ಲಬ್ಬಿನ ಕೋಚ್ ಒಬ್ಬರು ಅಶೋಕನಗರದ ಸ್ಟೇಡಿಯಂನ ಗ್ಯಾಲರಿಯಲ್ಲಿ ಎಲ್ಲರೆದುರು, “ಚೀಟಿ ಎತ್ತಿ ತಂಡ ಕಟ್ಟುತ್ತೀರಂತೆ, ಹೌದೇ?” ಎಂದು ಕೇಳಿದ್ದೂ ಉಂಟು. ಈಗ ಎರಡು ಸೀಸನ್‌ಗಳ ಫಲಿತಾಂಶ ಕೈಯಲ್ಲಿರುವುದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

2021ರವರೆಗೆ ನಾನೂ ಎಲ್ಲರಂತೆ ಒಂದೇ ಭಾನುವಾರ ಬೀಪ್ ಟೆಸ್ಟ್ (ಬೀಪ್ ಸದ್ದಿಗೆ ತಕ್ಕಂತೆ ವೇಗ ಹೆಚ್ಚಿಸುತ್ತ ಓಡುವ ಪರೀಕ್ಷೆ), ಕೋನ್‌ಗಳ ನಡುವೆ ಡ್ರಿಬ್ಲಿಂಗ್ ಮತ್ತು ಒಂದು ಹನ್ನೊಂದು ಜನರ ಪಂದ್ಯ ಮಾಡಿಸಿ, ಮಧ್ಯಾಹ್ನದ ಹೊತ್ತಿಗೆ ಹೆಸರು ಓದಿಬಿಡುತ್ತಿದ್ದೆ. ಅದಕ್ಕೆ ಖರ್ಚು 10 ಅಥವಾ 11 ಸಾವಿರ ದಾಟುತ್ತಿರಲಿಲ್ಲ, ಆದರೆ ಅಸಲಿ ಖರ್ಚು ಆಮೇಲೆ ಬರುತ್ತಿತ್ತು. ಒಂದು ವರ್ಷ ಮೂರು ನಿಮಿಷದ ವಿಡಿಯೊ ನೋಡಿ ಹೊರರಾಜ್ಯದ ಸ್ಟ್ರೈಕರ್‌ಗೆ 15,000 ಮುಂಗಡ, ರೈಲು ಟಿಕೆಟ್, ಈಜಿಪುರದಲ್ಲಿ ಕೋಣೆ ಎಲ್ಲವನ್ನೂ ಕೊಟ್ಟೆವು. ಅವನು ಬಾಲ್ ಕಾಲಿಗೆ ಬಂದಾಗ ರಾಜ, ಬಾಲ್ ಹೋದ ಮೇಲೆ ಪ್ರೇಕ್ಷಕ. ಐದನೆಯ ಪಂದ್ಯದ ನಂತರ ಅವನು ಹೇಳದೆ ಕೇಳದೆ ಊರಿಗೆ ಹೋದ. ಆ ಸೀಸನ್‌ನಲ್ಲಿ ಮಧ್ಯದಲ್ಲಿ ಆಟಗಾರರನ್ನು ಬದಲಿಸುವುದಕ್ಕೇ ಒಂದೂವರೆ ಲಕ್ಷದ ಹತ್ತಿರ ಹೋಯಿತು, ಅದಾದ ಮೇಲೂ ಕೆಳಗಿನ ಡಿವಿಷನ್‌ಗೆ ಜಾರುವುದು ಕೂದಲೆಳೆಯಲ್ಲಿ ತಪ್ಪಿತು.

ನಾನು ಹಿಡಿದ ಪದ್ಧತಿಯ ತಿರುಳು ಹೊಸದೇನಲ್ಲ; ನಾಲ್ಕು ಜನರ ಎದುರು ನಾಲ್ಕು ಜನರ ಆಟವನ್ನು ಎಲ್ಲರೂ ಆಡಿಸಿಯೇ ಇರುತ್ತಾರೆ. ನಾನು ಮಾಡಿದ್ದು ಇಷ್ಟೇ: ಪ್ರತಿ ಪಂದ್ಯಕ್ಕೂ ತಂಡಗಳನ್ನು ಕಲಸಿ, ತಂಡ ಗಳಿಸಿದ ಅಂಕವನ್ನು ಅದರ ನಾಲ್ವರ ಖಾತೆಗೂ ಬರೆದೆ. ಗೆದ್ದರೆ 3, ಸಮವಾದರೆ 1, ಹೊಡೆದ ಪ್ರತಿ ಗೋಲಿಗೆ ಇನ್ನೊಂದು. ಗೋಲು ಯಾರು ಹೊಡೆದರು ಎಂಬುದನ್ನು ಬರೆಯುವುದೇ ಇಲ್ಲ. ಆರು ನಿಮಿಷದ ಪಂದ್ಯ, ಎರಡು ನಿಮಿಷ ವಿರಾಮ. 30 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕ. ಗೋಲ್‌ಕೀಪರ್ ಇಲ್ಲದ ಚಿಕ್ಕ ಗೋಲುಗಳು.

ಕಲಸುವುದನ್ನು ಮೊದಲು ಕಣ್ಣಂದಾಜಿನಲ್ಲಿ ಮಾಡಿ ಕೆಟ್ಟೆ, ಏಕೆಂದರೆ ಗೌತಮಪುರದ ಇಬ್ಬರು ಗೆಳೆಯರು ಹೇಗೋ ನಾಲ್ಕು ಪಂದ್ಯಗಳಲ್ಲಿ ಒಂದೇ ಕಡೆ ಬಿದ್ದು, ಒಬ್ಬನ ದುಡಿಮೆ ಇನ್ನೊಬ್ಬನ ಖಾತೆಗೆ ಸೇರಿತ್ತು. ಆಗ ಗಣಿತ ಓದುತ್ತಿದ್ದ ನನ್ನ ಅಣ್ಣನ ಮಗಳು ಒಂದು ಪಟ್ಟಿ ಮಾಡಿಕೊಟ್ಟಳು. ಎಂಟು ಜನರನ್ನು ಏಳು ಪಂದ್ಯಗಳಲ್ಲಿ ಆ ಪಟ್ಟಿಯಂತೆ ಹಂಚಿದರೆ ಯಾವ ಇಬ್ಬರನ್ನು ತೆಗೆದುಕೊಂಡರೂ ಅವರು ಸರಿಯಾಗಿ ಮೂರು ಸಲ ಜೊತೆಗೆ, ನಾಲ್ಕು ಸಲ ಎದುರುಬದುರು ಆಡುತ್ತಾರೆ. “ಚಿಕ್ಕಪ್ಪ, ಇದರಲ್ಲಿ ಯಾರಿಗೂ ಅನ್ಯಾಯವಾಗುವುದಿಲ್ಲ” ಎಂದಳು. ಆ ಪಟ್ಟಿಗೆ ಲ್ಯಾಮಿನೇಶನ್ ಮಾಡಿಸಿ ಇಟ್ಟುಕೊಂಡಿದ್ದೇನೆ. ಬಹಳ ಜನ ಕೇಳಿದ್ದಾರೆ, ಯಾರಿಗೂ ಕೊಟ್ಟಿಲ್ಲ. ಕಾಗದ ಪೆನ್ಸಿಲ್ ಹಿಡಿದು ಒಂದು ಸಂಜೆ ಕುಳಿತರೆ ನೀವೂ ಮಾಡಬಹುದು.

2022ರ ಮೊದಲ ಪ್ರಯತ್ನ ಅರ್ಧ ಸೋತಿತು. ಅಂಕಪಟ್ಟಿಯನ್ನು ದೇವರ ವಾಕ್ಯದಂತೆ ನಂಬಿ, 32 ಜನರಲ್ಲಿ 27ನೆಯವನಾಗಿ ಬಂದಿದ್ದ ಎತ್ತರದ ಸ್ಟಾಪರ್ ಬ್ಯಾಕ್ (ಗೋಲಿನ ಮುಂದೆ ನಡುವಿನಲ್ಲಿ ನಿಂತು ತಡೆಯುವ ಆಟಗಾರ) ಒಬ್ಬನನ್ನು ಕಳಿಸಿಬಿಟ್ಟೆ. ಚಿಕ್ಕ ಚೌಕದಲ್ಲಿ ಹೆಡರ್ ಇಲ್ಲ, ಉದ್ದದ ಬಾಲ್ ಇಲ್ಲ, ಆಫ್‌ಸೈಡ್ ಗೆರೆ ಹಿಡಿಯುವ ಕೆಲಸವಿಲ್ಲ. ಅವನ ವಿದ್ಯೆಗೆ ಅಲ್ಲಿ ಜಾಗವೇ ಇರಲಿಲ್ಲ. ಅವನು ಬೇರೆ ಕ್ಲಬ್ ಸೇರಿ, ನಮ್ಮ ಮೇಲೆ 2-0ರಿಂದ ಗೆದ್ದ ಪಂದ್ಯದಲ್ಲಿ ಕಾರ್ನರ್‌ನಿಂದ ಬಂದ ಬಾಲನ್ನು ಹೆಡ್ ಮಾಡಿ ಒಂದು ಗೋಲು ಹೊಡೆದು, ನಮ್ಮ ಬೆಂಚಿನ ಮುಂದೆಯೇ ಓಡಿಹೋದ. ಸಮಿತಿಯ ಹಿರಿಯರೊಬ್ಬರು ಹಿಂದಿನಿಂದ ನನ್ನ ಭುಜ ತಟ್ಟಿದರು, ಏನೂ ಹೇಳಲಿಲ್ಲ.

ಮುಂದಿನ ವರ್ಷ ಅದನ್ನು ತಿದ್ದಿಕೊಂಡೆ. ಆ ವರ್ಷದ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತ್ತು. ಅದರ ಬಿಸಿಯಿಂದಲೋ ಏನೋ, ಸಾಮಾನ್ಯವಾಗಿ 50 ಜನ ಬರುವ ನಮ್ಮ ಟ್ರಯಲ್ಸ್‌ಗೆ 110 ಹುಡುಗರು ಬಂದರು. ಎರಡು ದಿನದಲ್ಲಿ 32ಕ್ಕೆ ಇಳಿಸಿದೆ. ಆಮೇಲೆ ಎರಡು ವಾರಗಳಲ್ಲಿ ಐದು ಬೆಳಗ್ಗೆ ಚೌಕದ ಆಟ. ಮೂರನೆಯ ವಾರ ಪೂರ್ತಿ ಮೈದಾನದಲ್ಲಿ ಮೂರು ಪಂದ್ಯ. ಬ್ಯಾಕ್‌ಗಳಿಗೆ ಚೌಕದ ಅಂಕವನ್ನು ಅರ್ಧಕ್ಕೆ ಇಳಿಸಿ, ಉಳಿದ ಅರ್ಧವನ್ನು ಪೂರ್ತಿ ಮೈದಾನದಲ್ಲಿ ನೋಡಿ ಕೊಟ್ಟೆ. ಅಲ್ಲಿ ಏನನ್ನು ಎಣಿಸುತ್ತೇನೆ ಎಂಬುದು ನನ್ನ ನೋಟ್‌ಬುಕ್ಕಿನ ಕೊನೆಯ ಕಾಲಂ. ಅದನ್ನು ಇಲ್ಲಿ ತೆರೆಯುವುದಿಲ್ಲ.

19ನೆಯ ನಂಬರಿನ ಬಿಬ್ (ಗುರುತಿಗಾಗಿ ಅಂಗಿಯ ಮೇಲೆ ತೊಡುವ ತೋಳಿಲ್ಲದ ಮೇಲಂಗಿ) ತೊಟ್ಟಿದ್ದ ಹುಡುಗನ ವಿಷಯವನ್ನು ಮಾತ್ರ ಹೇಳಲೇಬೇಕು. ಮೂರನೆಯ ಬೆಳಗ್ಗೆ, ರಾತ್ರಿಯ ಮಳೆಗೆ ಚೌಕದ ಒಂದು ಮೂಲೆಯಲ್ಲಿ ಕೆಂಪು ನೀರು ನಿಂತಿತ್ತು. ಅವನ ಬಲಗಾಲಿನ ಬೂಟಿನ ತುದಿಗೆ ಕಪ್ಪು ಇನ್ಸುಲೇಶನ್ ಟೇಪು ಸುತ್ತಿತ್ತು. ಮೊದಲ ಪಂದ್ಯದಲ್ಲೇ ಆ ನೀರಿನಲ್ಲಿ ಮೂರು ಸಲ ಬಾಲ್ ಕಳೆದುಕೊಂಡ. ಮೂರೂ ಸಲ ಕೈ ಎತ್ತಿ ಯಾರನ್ನೂ ದೂರಲಿಲ್ಲ, ಬಾಲಿನ ಹಿಂದೆಯೂ ಓಡಲಿಲ್ಲ, ತಟ್ಟನೆ ತಿರುಗಿ ಚೌಕದ ನಡುವಿಗೆ ಅಡ್ಡಲಾಗಿ ಓಡಿ, ಎದುರಾಳಿ ಪಾಸ್ ಕೊಡಬೇಕಾಗಿದ್ದ ಜಾಗದಲ್ಲಿ ಹೋಗಿ ನಿಂತ. ಮೂರನೆಯ ಸಲ ಬಾಲ್ ತಾನಾಗಿ ಅವನ ಕಾಲಿಗೇ ಬಂತು. ಓಡುವ ದಮ್ಮನ್ನು ಅಳೆಯುವ ಯೋ-ಯೋ ಟೆಸ್ಟ್‌ನಲ್ಲಿ ಈ ಹುಡುಗ ಕೊನೆಯ ಐವರಲ್ಲಿ ಒಬ್ಬನಾಗಿದ್ದ. ಹಳೆಯ ಪದ್ಧತಿಯಾಗಿದ್ದರೆ ಅಂದೇ ಮನೆಗೆ ಹೋಗುತ್ತಿದ್ದ. ವಿಚಾರಿಸಿದರೆ, “ಸರ್, ರಾತ್ರಿ ಒಂದು ಗಂಟೆವರೆಗೂ ಊಟದ ಡೆಲಿವರಿ ಇತ್ತು” ಎಂದ. ರಜೆ ಹಾಕಿಸಿ, ಎರಡು ದಿನ ನಿದ್ದೆ ಮಾಡಿಸಿ, ಮತ್ತೆ ಓಡಿಸಿದೆ, ಎಂಟನೆಯವನಾಗಿ ಬಂದ. ಅಂದಿನಿಂದ ಯೋ-ಯೋವನ್ನು ಯಾರನ್ನು ಕೈಬಿಡಬೇಕೆಂದು ತಿಳಿಯಲು ಬಳಸುತ್ತಿಲ್ಲ, ಯಾರನ್ನು ಎಷ್ಟು ದುಡಿಸಬೇಕೆಂದು ತಿಳಿಯಲು ಮಾತ್ರ ಬಳಸುತ್ತೇನೆ.

ನಡುವೆ ಕೆಲವು ಬೇರೆ ಪ್ರಯೋಗಗಳನ್ನೂ ಮಾಡಿದೆ. ಬೇಕೆಂದೇ ತಪ್ಪು ತೀರ್ಪು ಕೊಟ್ಟು ಯಾರು ಕುದಿಯುತ್ತಾರೆಂದು ನೋಡಹೊರಟೆ. ಎರಡನೆಯ ದಿನವೇ ಕೈ ಮಿಲಾಯಿಸುವ ಹಂತಕ್ಕೆ ಹೋಗಿ ಒಬ್ಬನ ತುಟಿ ಒಡೆಯಿತು, ಅಲ್ಲಿಗೆ ಕೈಬಿಟ್ಟೆ. ಎದೆಬಡಿತ ಅಳೆಯುವ ಅಗ್ಗದ ಎರಡು ಗಡಿಯಾರಗಳನ್ನು ಕೊಂಡೆ, ಒಂದು ಮೊದಲ ಮಳೆಗೇ ಸತ್ತಿತು. ಉಪಯೋಗಕ್ಕೆ ಬಂದದ್ದು ಒಂದು: ನಾನೂ ನನ್ನ ಸಹಾಯಕರೂ ಪರಸ್ಪರ ಮಾತಾಡದೆ ಪ್ರತ್ಯೇಕವಾಗಿ ಅಂಕ ಹಾಕಿ, ವಾರದ ಕೊನೆಗೆ ತಾಳೆ ನೋಡಿದೆವು. ಮೊದಲ ದಿನ ಇಬ್ಬರೂ ಎತ್ತರದ ಹುಡುಗರಿಗೂ ಒಳ್ಳೆಯ ಬೂಟಿನ ಹುಡುಗರಿಗೂ ಧಾರಾಳವಾಗಿ ಹಾಕಿದ್ದೆವು. ಇಪ್ಪತ್ತು ವರ್ಷ ಆಟ ನೋಡಿದ ಕಣ್ಣು ಎಂಬ ನನ್ನ ಜಂಬ ಅಲ್ಲಿ ಸ್ವಲ್ಪ ಇಳಿಯಿತು. ಹುಡುಗರಿಂದ ಗುಟ್ಟಾಗಿ ಚೀಟಿ ಬರೆಸುವುದೂ ಉಂಟು, ಆದರೆ ಅದರಲ್ಲಿ ಕೇಳುವ ಪ್ರಶ್ನೆಯನ್ನು ಹೇಳಿಬಿಟ್ಟರೆ ಮುಂದಿನ ವರ್ಷ ಎಲ್ಲರೂ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ.

ಖರ್ಚಿನ ಲೆಕ್ಕಕ್ಕೆ ಬಂದರೆ, ಮೈದಾನದ ಬಾಡಿಗೆ, ಬಿಬ್‌ಗಳು, ಮೂರು ಅಭ್ಯಾಸ ಪಂದ್ಯಗಳ ರೆಫ್ರಿಗಳು, ಬಾಳೆಹಣ್ಣು, ಮೊಟ್ಟೆ ಎಲ್ಲ ಸೇರಿ 60-65 ಸಾವಿರವಾಯಿತು. ಖಜಾಂಚಿಗಳು ಒಂದು ವಾರ ನನ್ನ ಫೋನ್ ಎತ್ತಲಿಲ್ಲ. ಆದರೆ ಆ ಸೀಸನ್‌ನಲ್ಲಿ ಮಧ್ಯದಲ್ಲಿ ಬದಲಿಸಬೇಕಾಗಿ ಬಂದದ್ದು ಒಬ್ಬನನ್ನು ಮಾತ್ರ, ಅದೂ ಅವನ ಮೊಣಕಾಲಿಗೆ ಪೆಟ್ಟಾಗಿದ್ದರಿಂದ. ಮೂವತ್ತರ ಆಸುಪಾಸು ಗೋಲು ಬಿಟ್ಟುಕೊಡುತ್ತಿದ್ದ ತಂಡ ಹದಿನಾಲ್ಕೋ ಹದಿನೈದೋ ಬಿಟ್ಟುಕೊಟ್ಟು ಮೂರನೆಯ ಸ್ಥಾನಕ್ಕೆ ಬಂತು. ಮರುವರ್ಷವೂ ಮೊದಲ ಐದರೊಳಗೇ ಇದ್ದೆವು. ಗ್ಯಾಲರಿಯಲ್ಲಿ ಚೀಟಿಯ ಮಾತಾಡಿದ್ದ ಕೋಚ್ ಮಹಾಶಯರು ಈ ಸಲ ಫೋನ್ ಮಾಡಿ, ಚೌಕದ ಅಳತೆ ಎಷ್ಟೆಂದು ಕೇಳಿದರು. ಹೇಳಿದೆ. ಪಟ್ಟಿಯನ್ನು ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ. ಪ್ರತಿ ವರ್ಷ ಯಾರಾದರೊಬ್ಬರ “ನಮ್ಮ ಹುಡುಗ, ಸ್ವಲ್ಪ ನೋಡಿಕೊಳ್ಳಿ” ಇದ್ದೇ ಇರುತ್ತದೆ. ಸಮಿತಿಯ ಸದಸ್ಯರೊಬ್ಬರ ಅಕ್ಕನ ಮಗ 29ನೆಯವನಾಗಿ ಬಂದಾಗ, 35 ಪಂದ್ಯಗಳ ಅಂಕವನ್ನು ಸಾಲಾಗಿ ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಕೂಡಿಸಿದ್ದು ಸರಿಯಿದೆಯೇ ಎಂದು ಮಾತ್ರ ಪರೀಕ್ಷಿಸಿದರು. ಕೈಬಿಟ್ಟ ಎಂಟು ಹುಡುಗರಿಗೂ ಅವರವರ ಸಾಲನ್ನು ಹೀಗೆಯೇ ತೋರಿಸಿ, ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿ ಕಳಿಸುತ್ತೇನೆ. ಅವರಲ್ಲಿ ಇಬ್ಬರು ಮರುವರ್ಷ ಮತ್ತೆ ಬಂದರು, ಒಬ್ಬ ತಂಡದಲ್ಲಿ ಉಳಿದ.

ಗೋಲ್‌ಕೀಪರ್‌ಗಳ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಚೌಕದಲ್ಲಿ ಅವರಿಗೆ ಕೆಲಸವಿಲ್ಲ, ಮೂರು ಪಂದ್ಯಗಳಲ್ಲಿ ಅವರ ಕೈಗೆ ಬರುವ ಬಾಲುಗಳು ಲೆಕ್ಕಕ್ಕೆ ಸಾಲವು. ಈ ವರ್ಷ ಮೂವರನ್ನು ಕರೆದು, ಬೆಳಗ್ಗೆ ಒಬ್ಬೊಬ್ಬರಿಗೂ ಬದಿಯಿಂದ ಗೋಲಿನ ಮುಂದಕ್ಕೆ ಹಾಕುವ 40 ಕ್ರಾಸ್‌ಗಳನ್ನು ಗುಂಪಿನ ನಡುವೆ ಹಿಡಿಸುತ್ತಿದ್ದೇನೆ. ಕ್ರಾಸ್ ಹಾಕುವ ಕೆಲಸ 19ನೆಯ ಬಿಬ್ಬಿನ ಹುಡುಗನದು. ರಾತ್ರಿಯ ಡೆಲಿವರಿ ಬಿಟ್ಟಿದ್ದಾನೆ, ಬೂಟು ಹೊಸದು.