ಪಂಜರದ ಗಿಳಿಗೆ ಹಣ್ಣು: ಅರ್ಧ ಚಮಚ, ಅದೂ ಬೆಳಿಗ್ಗೆಯೇ

ನಮ್ಮ ಮಂಗಳೂರಿನಲ್ಲಿ ‘ಲವ್ ಬರ್ಡ್ಸ್’ ಎಂದು ಕರೆದು ಸಾಕುವ ಹಕ್ಕಿಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಾ ಮೂಲದ ಬಡ್ಜಿ ಗಿಳಿಗಳು. ಅಲ್ಲಿನ ಒಣ ಬಯಲಲ್ಲಿ ಹುಲ್ಲಿನ ಬೀಜ ಹೆಕ್ಕಿ ಬದುಕುವ ಜಾತಿ. ತೂಕ 30ರಿಂದ 40 ಗ್ರಾಂ. ಇಷ್ಟು ಪುಟ್ಟ ಜೀವಕ್ಕೆ ಹಣ್ಣು ಊಟವಲ್ಲ, ಊಟದ ಜೊತೆಗೆ ಬಾಳೆಲೆಯ ತುದಿಗೆ ಬಡಿಸುವ ಪಲ್ಯದ ಹಾಗೆ. ಆದರೆ ಬರೀ ನವಣೆ ತಿನ್ನುವ ಗಿಳಿಗೆ ವಿಟಮಿನ್ ಎ ಕೊರತೆ ಬರುತ್ತದೆ. ಆದ್ದರಿಂದ ಆ ಪಲ್ಯ ಬೇಕೇ ಬೇಕು. (ತೋಟಕ್ಕೆ ಬರುವ ಕೆಂಪು ಕೊಕ್ಕಿನ ನಮ್ಮ ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದು ಮರದಲ್ಲೇ ಇರಲಿ.)

ಹಣ್ಣು ಆರಿಸುವುದು

ಮೊದಲ ಆಯ್ಕೆ ಬಪ್ಪಂಗಾಯಿ (ಪಪ್ಪಾಯಿ) ಮತ್ತು ಮಾವು. ಹಳದಿ, ಕೇಸರಿ ತಿರುಳಿನಲ್ಲಿರುವ ಬೀಟಾ ಕೆರೋಟಿನ್ ಹಕ್ಕಿಯ ದೇಹದಲ್ಲಿ ವಿಟಮಿನ್ ಎ ಆಗುತ್ತದೆ. ಪೇರಳೆ, ಬಾಳೆಹಣ್ಣು ಕೂಡ ಆಗಬಹುದು. ಸೇಬು ಕೊಡುವುದಾದರೆ ಬೀಜ ಒಂದೂ ಉಳಿಯಬಾರದು, ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ.

ಬಟರ್ ಫ್ರೂಟ್ ಮಾತ್ರ ಬೇಡವೇ ಬೇಡ. ಜ್ಯೂಸ್ ಅಂಗಡಿಯಲ್ಲಿ ನಾವು ಇಷ್ಟಪಟ್ಟು ಕುಡಿಯುವ ಈ ಹಣ್ಣಿನಲ್ಲಿರುವ ಪರ್ಸಿನ್ ಎಂಬ ವಿಷ ಗಿಳಿಯ ಹೃದಯಕ್ಕೇ ಪೆಟ್ಟು ಕೊಡುತ್ತದೆ. ಸ್ವಲ್ಪ ತಿಂದರೂ ಸಾಯಬಹುದು. ಅದನ್ನು ಕತ್ತರಿಸಿದ ಚಾಕು, ಮಣೆಯನ್ನೂ ತೊಳೆಯದೆ ಗಿಳಿಯ ಹಣ್ಣಿಗೆ ಬಳಸಬೇಡಿ.

ತೊಳೆದು, ಹೆಚ್ಚಿ

ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಪೇಟೆಯ ಹಣ್ಣಾದರೆ ಸಿಪ್ಪೆ ತೆಗೆಯುವುದೇ ಕ್ಷೇಮ. ತೊಗರಿಬೇಳೆಯಷ್ಟು ಸಣ್ಣಗೆ ಹೆಚ್ಚಿ. ಒಂದು ಹಕ್ಕಿಗೆ ಅರ್ಧ ಟೀ ಚಮಚ, ವಾರಕ್ಕೆ ಎರಡು ಮೂರು ದಿನ ಸಾಕು. ಸಕ್ಕರೆ, ಉಪ್ಪು ಏನೂ ಬೇಡ.

ಇಡುವುದು, ತೆಗೆಯುವುದು

ನನ್ನ ಮಟ್ಟಿಗೆ ಕರಾವಳಿಯವರು ಅತಿ ಹೆಚ್ಚು ಎಚ್ಚರ ವಹಿಸಬೇಕಾದದ್ದು ಇಲ್ಲಿ. ಒಮ್ಮೆ ಏಪ್ರಿಲ್‌ನಲ್ಲಿ ಬಪ್ಪಂಗಾಯಿಯ ದೊಡ್ಡ ಹೋಳನ್ನು ಪಂಜರದಲ್ಲಿಟ್ಟು ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದಾಗ ಹಣ್ಣು ಹುಳಿ ವಾಸನೆ ಹೊಡೆಯುತ್ತಿತ್ತು, ಇರುವೆಗಳು ಕಂಬಿ ಹತ್ತಿ ಹಕ್ಕಿ ಕೂರುವ ಕೋಲಿನವರೆಗೂ ಬಂದಿದ್ದವು. ಎರಡೂ ಗಿಳಿಗಳು ಮೇಲಿನ ಮೂಲೆಯಲ್ಲಿ ಕಂಬಿಗೆ ಅಂಟಿಕೊಂಡಿದ್ದವು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ನಮ್ಮ ಸೆಕೆಗೆ ಹೆಚ್ಚಿದ ಹಣ್ಣು ಬೇಗ ಕೆಡುತ್ತದೆ. ಬೆಳಿಗ್ಗೆ, ಹಕ್ಕಿ ಹಸಿದಿರುವಾಗ, ನೀವು ಮನೆಯಲ್ಲಿರುವಾಗಲೇ ಇಡಿ. ನವಣೆಯ ಬಟ್ಟಲಿಗೆ ಹಾಕದೆ ಬೇರೆ ಸ್ಟೀಲ್ ಬಟ್ಟಲಲ್ಲಿಡಿ, ಒದ್ದೆಯಾದ ಕಾಳಿಗೆ ಬೂಸಲು ಬರುತ್ತದೆ. ಒಂದು ಗಂಟೆಯಲ್ಲಿ ತೆಗೆದು, ಬಟ್ಟಲು ತೊಳೆದು, ಕಂಬಿಗೆ ಅಂಟಿದ ತಿರುಳನ್ನು ಒರೆಸಿ.

ರೂಢಿ ಮಾಡಿಸುವುದು

ಹೊಸ ಹಣ್ಣು ಕಂಡರೆ ಬಡ್ಜಿ ಹೆದರುತ್ತದೆ. ವಾರಗಟ್ಟಲೆ ಮೂಸದೆಯೂ ಇರಬಹುದು. ಹಾಗೆಂದು ಕಾಳು ಕೊಡದೆ ಉಪವಾಸ ಕೆಡವಬೇಡಿ. ಹೋಳಿನ ಮೇಲೆ ನಾಲ್ಕು ಕಾಳು ನವಣೆ ಉದುರಿಸಿ. ಪಂಜರದ ಪಕ್ಕ ಕೂತು ನೀವೂ ಅದೇ ಹಣ್ಣು ತಿನ್ನಿ. ನಮ್ಮ ಹಸಿರು ಗಿಳಿ ಮಾವಿಗೆ ಕೊಕ್ಕು ಹಾಕಿದ್ದು ಹೀಗೆ, ಹನ್ನೆರಡನೇ ದಿನ. ಒಂದು ಸಲಕ್ಕೆ ಒಂದೇ ಹೊಸ ಹಣ್ಣು ಕೊಟ್ಟರೆ ಯಾವುದು ಒಗ್ಗಲಿಲ್ಲ ಎಂದು ತಿಳಿಯುತ್ತದೆ. ಹಣ್ಣಿಲ್ಲದ ದಿನ ತೊಳೆದ ಹರಿವೆ ಸೊಪ್ಪಿನ ಒಂದೆರಡು ಎಲೆ ಕಟ್ಟಿ.

ಹಣ್ಣು ತಿಂದ ದಿನ ಹಿಕ್ಕೆ ನೀರಾಗಿದ್ದರೆ ಗಾಬರಿ ಬೇಡ, ಹಣ್ಣಿನ ನೀರಿನಂಶ ಅದು. ಹಣ್ಣು ನಿಲ್ಲಿಸಿದ ಮರುದಿನವೂ ಹಾಗೇ ಇದ್ದು, ಗಿಳಿ ಪುಕ್ಕ ಉಬ್ಬಿಸಿಕೊಂಡು ಮಂಕಾಗಿ ಕೂತರೆ ಅಂದೇ ಪಶುವೈದ್ಯರಲ್ಲಿಗೆ ಕೊಂಡೊಯ್ಯಿರಿ.